ಅಳು ಆಮೇಲೆ ಬರುತ್ತೆ

ಗೋಡೆ ಅಲ್ಲಾಡಿತು — ಕೈಚೀಲ ಕೆಳಗಿಡುವಾಗ ಆಸರೆಗೆಂದು ಅಂಗೈ ಊರಿದ್ದಷ್ಟೇ, ಇಡೀ ಗೋಡೆ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಬಂತು, ಸಿಸ್ಟರಮ್ಮನ ಎದೆ ಧಸಕ್ಕೆಂದಿತು, ಅಯ್ಯೋ ಇವರ ಆಸ್ಪತ್ರೆಯನ್ನೇ ಬೀಳಿಸಿಬಿಟ್ಟೆನಾ, ಏನಿಲ್ಲಮ್ಮಾ ಪ್ಲೈವುಡ್ಡು, ಒರಗಬೇಡಿ ಅಷ್ಟೆ, ಅಂತ ಕುಕ್ಕರಗಾಲಲ್ಲಿ ಕೂತಿದ್ದ ಪೇಂಟರು ತಲೆಯೆತ್ತದೆ ಹೇಳಿದ, ಪ್ಲೈವುಡ್ಡಂತೆ, ಬರೀ ಹಲಗೆ, ಆದರೆ ಈ ಹಸಿರು, ಸೊಂಟದವರೆಗೆ ಹಸಿರು ಮೇಲೆಲ್ಲ ಬಿಳಿ, ಅರ್ಧ ಆಯಸ್ಸು ಅವಳು ನರ್ಸಾಗಿ ಓಡಾಡಿದ ಹೆರಿಗೆ ವಾರ್ಡಿನದೇ ಹಸಿರು, ಸ್ಟ್ರೆಚರು ತಾಗಿ ತಾಗಿ ಬಿದ್ದ ಗೀರು ಕೂಡ ಅದೇ ಎತ್ತರಕ್ಕಿದೆ, ಮೊನ್ನೆ ಮೊನ್ನೆ ಎದ್ದು ನಿಂತ ಗೋಡೆಗೆ ಯಾವ ಸ್ಟ್ರೆಚರು ತಾಗಿತ್ತು, ಈಗ ಇವನು ಕೈತೊಳೆಯೋ ಬೇಸಿನ್ ಕೆಳಗೆ ಸ್ಪಂಜಿನಿಂದ ಏನೋ ಕಂದುನೀರು ಒತ್ತುತ್ತಿದ್ದಾನೆ, ಚಾ ಡಿಕಾಕ್ಷನ್ನಮ್ಮಾ, ಪೈಪು ಸೋರಿ ಸೋರಿ ಹಿಡಿದ ಕಲೆ, ಹೊಸದಾಗಿ ಸೋರಿದ್ದಲ್ಲ, ಹೇಳಿ ಹೇಳಿ ಸಾಕಾಗಿ ಎಲ್ಲರೂ ಸುಮ್ಮನಾದ ಮೇಲಿನ ಕಲೆ, ಅಂದ, ಅವಳಿಗೆ ನಗು ಬಂತು, ನಲ್ಲಿ ತಿರುಗಿಸಿ ನೋಡಿದಳು, ಹನಿ ನೀರಿಲ್ಲ, ಇದೊಂದು ಮಾತ್ರ ಥೇಟ್ ನಮ್ಮ ಆಸ್ಪತ್ರೆ ನೋಡು ಅಂದಳು. ಬೆಳಿಗ್ಗೆ ಈ ಸಿನಿಮಾ ಸೆಟ್ಟಿನ ಗೇಟಿನೊಳಗೆ ಕಾಲಿಟ್ಟಾಗಿನಿಂದ ಇಲ್ಲಿನವರಿಗೆಲ್ಲ ಅವಳು ಸಿಸ್ಟರಮ್ಮ, ಯಾರು ಮೊದಲು ಕರೆದರೋ, ಸಿಸ್ಟರಮ್ಮ ಈ ಕಡೆ, ಸಿಸ್ಟರಮ್ಮ ವೈರು ನೋಡ್ಕೊಂಡು, ಒಂದು ದಿನದ ಮಟ್ಟಿಗೆ ಬಂದವಳು, ಹುಟ್ಟಿದ ಮಗುವನ್ನ ಹೇಗೆ ಹಿಡಿಯೋದು ಅಂತ ನಟಿಗೆ ತೋರಿಸಿ ಹೋಗುವುದಷ್ಟೇ ಅವಳ ಕೆಲಸ, ಬಾರಮ್ಮಾ ಒಂದು ಸಲ, ನೀನೇ ಹೇಳ್ಕೊಟ್ರೆ ಸರಿ ಅಂತ ಮಗಳು ಫೋನಲ್ಲಿ ಕೇಳಿದಾಗ ನಾಟಕಕ್ಕೆಲ್ಲ ನಾನ್ಯಾಕೇ ಅಂದಿದ್ದಳು, ಅಂದು ಎರಡು ದಿನ ಬಿಟ್ಟು ತಾನೇ ಫೋನು ಮಾಡಿ ಎಷ್ಟು ಹೊತ್ತಿಗೆ ಬರಬೇಕು ಅಂತಲೂ ಕೇಳಿದ್ದಳು.

ಮಗಳು ಎಲ್ಲಿ, ಅಗೋ, ಮೂಲೆಯ ಮೇಜಿಗೆ ಬಗ್ಗಿ ನಿಂತಿದ್ದಾಳೆ, ಬೆನ್ನು ನೋಡು ಬಿಲ್ಲಾಗಿದೆ, ನೆಟ್ಟಗೆ ನಿಲ್ಲೇ ಅನ್ನಬೇಕೆನಿಸಿತು, ಅನ್ನಲಿಲ್ಲ, ಇಷ್ಟು ಜನರ ಮುಂದೆ, ಮಗಳ ಸುತ್ತ ಬ್ರಶ್ಶು, ಡಬ್ಬಿ, ಸೂಜಿ, ಥೇಟ್ ಇಂಜೆಕ್ಷನ್ ಟ್ರೇ ಇದ್ದ ಹಾಗೇ ಇದೆ, ನರ್ಸಿಂಗ್ ಸೇರಿಸಿದ್ದಕ್ಕೆ ಇಷ್ಟಾದರೂ ಉಳಿಯಿತಲ್ಲ, ಎರಡನೇ ವರ್ಷದಲ್ಲಿ ಬಿಟ್ಟು ಬಂದು, ಅಮ್ಮಾ ನಂಗೆ ಗಾಯ ನೋಡಿದ್ರೆ ವಾಸಿ ಮಾಡ್ಬೇಕು ಅನ್ಸಲ್ಲ, ಅಂಥದ್ದೇ ಒಂದು ಮಾಡ್ಬೇಕು ಅನ್ಸುತ್ತೆ, ಅಂದಿದ್ದಳಲ್ಲ, ಎಂಥಾ ಮಾತು ಅದು, ಆ ಮಾತಿಗೆ ಅವಳು ಊಟ ಬಿಟ್ಟಿದ್ದಳು, ಮಗಳೂ ಬಿಟ್ಟಿದ್ದಳು, ಅವಳಪ್ಪ ಒಬ್ಬನೇ ಕೂತು ಮೂವರದ್ದನ್ನೂ ಉಂಡಿದ್ದ, ಆಮೇಲೆ ಯಾರಾದರೂ ಮಗಳೇನು ಮಾಡ್ತಾಳೆ ಅಂತ ಕೇಳಿದರೆ ಗೊಂಬೆ ಮಾಡ್ತಾಳೆ ಅನ್ನುವುದು, ಸಿನಿಮಾದವರಿಗೆ, ಗಾಯ, ಕೊಯ್ದ ಕೈ, ಇಂಥವೆಲ್ಲ, ಅಂದು ಮಾತು ಬದಲಿಸುವುದು, ಮಗಳು ಕೆಲಸ ಮಾಡಿದ ಒಂದೇ ಒಂದು ಸಿನಿಮಾ ನೋಡಿ ಬಂದು ಫೋನು ಮಾಡಿದ್ದಳು, ಎಲ್ಲಾ ಚೆನ್ನಾಗಿತ್ತು ಕಣೇ, ನಿನ್ನ ಕೆಲಸ ಮಾತ್ರ ಎಲ್ಲೂ ಕಾಣಲಿಲ್ಲ, ಆ ತಾತನ ಕಾಲಲ್ಲಿ ಹುಣ್ಣಿತ್ತಲ್ಲಮ್ಮ ನೋಡಿದ್ಯಾ, ನೋಡ್ದೆ, ಪಾಪ, ದಿನಾ ಡ್ರೆಸಿಂಗ್ ಮಾಡೋರಿಲ್ಲ ಅಂತ ಕಾಣುತ್ತೆ, ಅದು ನಂದಮ್ಮಾ, ಅಂದವಳು ಆ ಕಡೆ ನಕ್ಕಳೋ ಅತ್ತಳೋ, ಫೋನಲ್ಲಿ ಹೇಗೆ ಗೊತ್ತಾಗುತ್ತೆ — ಬಂದ್ಯಾಮ್ಮಾ, ಹಿಡ್ಕೋ, ಅಂತ ಮಗಳು ತಿರುಗಿ ಬಟ್ಟೆಯಲ್ಲಿದ್ದುದನ್ನ ಚಾಚಿದಳು, ಸಿಸ್ಟರಮ್ಮನ ಎಡಗೈ ತಾನಾಗೇ ಕತ್ತಿನ ಕೆಳಗೆ ಹೋಯಿತು.

ತಾನಾಗೇ ಹೋಯಿತಲ್ಲ, ಅವಳು ಹೇಳಲಿಲ್ಲ ಅದಕ್ಕೆ ಹೋಗು ಅಂತ, ಕತ್ತು ಜೋಲುತ್ತಿತ್ತು, ಕತ್ತು ಜೋತರೆ ಕೈ ಹೋಗುತ್ತದೆ, ಗೊಂಬೆ ರಬ್ಬರಿನದೋ ಸಿಲಿಕಾನಿನದೋ ಅದೇನೋ ಅಂದಿದ್ದಳು ಮಗಳು, ಕೈಗೆ ಅದೆಲ್ಲ ಏನು ಗೊತ್ತು, ತೂಕ ಬಂದು ಅಂಗೈಯಲ್ಲಿ ಕೂತಿತು, ಅಂಡು ಭಾರ ತಲೆ ಭಾರ ನಡುವೆ ಏನೂ ಇಲ್ಲದ ಹಾಗಿನ ಆ ತೂಕ, ಹೊರಗೆ ಬರುವಾಗ ಒತ್ತಿಸಿಕೊಂಡು ಉದ್ದವಾದ ತಲೆ, ಹೆಗಲ ಮೇಲೆ ನವಿರುಕೂದಲು, ಒಂದೊಂದನ್ನೂ ಸೂಜಿಯಲ್ಲಿ ಚುಚ್ಚಿ ಚುಚ್ಚಿ ನೆಟ್ಟಿದ್ದಾಳೆ, ತೊಡೆಸಂದಿಯಲ್ಲಿ ಬೆಣ್ಣೆಯಂಥ ಬಿಳಿ ಲೇಪ, ಅಲ್ಲಿ ಮಾತ್ರ ದಪ್ಪ, ಬೆನ್ನಿಗೆ ತೆಳು, ಸರಿ, ಹಾಗೇ ಇರೋದು, ಮತ್ತೆ ಬಣ್ಣ, ಈ ಬಣ್ಣ, ನೇರಳೆಯೂ ಅಲ್ಲ ಬೂದಿಯೂ ಅಲ್ಲ, ಇದು ಅಳದೇ ಇರುವ ಮಗುವಿನ ಬಣ್ಣ, ಇದನ್ನು ಇವಳು ಎಲ್ಲಿ ನೋಡಿದಳು, ಎಷ್ಟು ದಿನ ಹಿಡೀತೇ, ಮೂರು ತಿಂಗಳಮ್ಮ, ಮೊದಲೆರಡು ಸರಿಯಾಗ್ಲಿಲ್ಲ, ಮೂರನೇದಿದು, ಮೂರು ತಿಂಗಳಂತೆ, ಇದೇ ಎಷ್ಟೋ ವಾಸಿ, ಬೇರೆಯವರಿಗೆ ಒಂಬತ್ತು ಬೇಕು, ಅನ್ನೋಣ ಅಂತಿದ್ದಳು ತಮಾಷೆಗೆ, ಅನ್ನದೆ ಅಂಗಾಲು ತಿರುಗಿಸಿ ನೋಡಿದಳು, ಅಂಗಾಲಿನಲ್ಲೂ ಗೆರೆ, ಯಾರು ನೋಡುತ್ತಾರೆ ಇದನ್ನೆಲ್ಲ, ಕ್ಯಾಮೆರಾಗೆ ಕಾಣುತ್ತಾ, ಕಾಣಲ್ಲ, ಮತ್ಯಾಕೆ, ಅವ್ರು ಹಿಡ್ಕೊಂಡಾಗ ಅವ್ರ ಬೆರಳಿಗೆ ಗೊತ್ತಾಗುತ್ತಲ್ಲಮ್ಮ, ಅಂತ ಮಗಳು ನಟಿಯ ಕಡೆ ಕಣ್ಣಲ್ಲೇ ತೋರಿಸಿದಳು.

ನಟಿ ಎಂದರೆ ಏನೋ ಅಂದುಕೊಂಡಿದ್ದಳು, ಸಪೂರ ಹುಡುಗಿ, ಉಗುರು ಬುಡಕ್ಕೆ ಕತ್ತರಿಸಿದ್ದಾಳೆ, ನರ್ಸಿನ ಬಟ್ಟೆ ತೊಟ್ಟಿದ್ದಾಳೆ, ಬಟ್ಟೆಯ ಜೇಬಿನ ಅಂಚು ಸವೆದಿದೆ, ಪೆನ್ನು ಸಿಕ್ಕಿಸಿ ಸಿಕ್ಕಿಸಿ ಸವೆಯುವ ಜಾಗದಲ್ಲೇ, ಅದನ್ನು ಕಲ್ಲಿಗೆ ತಿಕ್ಕಿ ಸವೆಸಿದವಳು ಕಾಸ್ಟ್ಯೂಮಿನವಳಂತೆ, ಎಲ್ಲರೂ ಸೇರಿ ಸವೆಸುತ್ತಾರಲ್ಲ ಇಲ್ಲಿ, ಗೋಡೆ ಸವೆಸುತ್ತಾರೆ ಜೇಬು ಸವೆಸುತ್ತಾರೆ, ನಮ್ಮದೆಲ್ಲ ಸುಮ್ಮನೆ ಸವೆಯಿತು — ನೋಡು ಮಗಳೇ, ಮುಖ ನೋಡ್ತಾ ಕೂರೋಕೆ ಪುರುಸೊತ್ತಿರಲ್ಲ, ಒರೆಸು, ಬಾಯಿ ಚೊಕ್ಕ ಮಾಡು, ಬೆನ್ನು ಉಜ್ಜು, ಗಟ್ಟಿಯಾಗಿ, ಗಾಜಲ್ಲ ಅದು, ಅಂಗಾಲಿಗೆ ಬೆರಳಲ್ಲಿ ಟಪ್ಪಂತ ಹೊಡಿ, ಹ್ಞೂ, ಹಾಗೆ, ಹುಡುಗಿ ಒಂದು ಸಲಕ್ಕೆ ಕಲಿತಳು, ಎರಡನೇ ಸಲಕ್ಕೆ ಅವಳ ಮೊಣಕೈ ಸಿಸ್ಟರಮ್ಮನ ಮೊಣಕೈ ಹಾಗೇ ಹೊರಗೆ ಚಾಚಿತು, ಮೊಣಕೈ ತಾನು ಹೇಳಿಕೊಟ್ಟಿರಲೇ ಇಲ್ಲವಲ್ಲ, ಆಮೇಲೆ ಮೆಲ್ಲಗೆ ಕೇಳಿದಳು, ನಿಮಗೆ ಆಗ ಭಯ ಆಗ್ತಿರ್ಲಿಲ್ವಾಮ್ಮ, ಭಯವಾ, ಇಷ್ಟು ವರ್ಷದಲ್ಲಿ ಯಾರು ಕೇಳಿದ್ದರು ಇದನ್ನ, ಡಾಕ್ಟರು ಕೇಳಲಿಲ್ಲ ಗಂಡ ಕೇಳಲಿಲ್ಲ, ಆಗ ಎಲ್ಲಿ ಆಗುತ್ತಮ್ಮ, ಮನೆಗೆ ಹೋಗಿ ಚಪ್ಪಲಿ ಬಿಚ್ಚೋವಾಗ ಆಗುತ್ತೆ, ಅಂದಳು, ಹುಡುಗಿ ತಲೆಯಾಡಿಸಿ ಅದನ್ನು ಎಲ್ಲೋ ಒಳಗಿಟ್ಟುಕೊಂಡಳು, ಇಟ್ಟುಕೊಂಡದ್ದು ಕಾಣಿಸಿತು. ಮಗು ಒರೆಸೋ ಮೇಜನ್ನು ಗೋಡೆಗೆ ಒತ್ತಿಸಿಡಿ, ಅದನ್ನ ಬೆಚ್ಚಗಿಡೋ ದೀಪ ಆ ಕಡೆಯಿಂದ, ನರ್ಸು ಗೋಡೆ ಕಡೆ ಮುಖ ಮಾಡಿ ನಿಲ್ತಾಳೆ, ಎಲ್ಲಾ ಆಸ್ಪತ್ರೆಯಲ್ಲೂ ಹಾಗೇ, ಅಂತ ಸಿಸ್ಟರಮ್ಮನೇ ಹೇಳಿ ಇಡಿಸಿದಳು, ಕ್ಯಾಮೆರಾ ಹೆತ್ತವಳು ಮಲಗಿದ ಮಂಚದ ಹತ್ತಿರ, ಅದರ ಪಕ್ಕ ಅವಳಿಗೊಂದು ಕುಳ್ಳ ಸ್ಟೂಲು, ಮಗಳು ಉದ್ದದ ಟ್ಯೂಬು, ತುದಿಯಲ್ಲಿ ರಬ್ಬರಿನ ಬುರುಡೆ ಹಿಡಿದು ಮೇಜಿನ ಕೆಳಗೆ ನುಸುಳಿದಳು, ಅಲ್ಲೇನೇ ನಿನಗೆ ಕೆಲಸ, ನಾನೇ ಅಲ್ವಾಮ್ಮ ಉಸಿರು, ಬುರುಡೆ ಒತ್ತಿದ್ರೆ ಅದರ ಎದೆ ಏಳುತ್ತೆ, ಅಂತ ಕೆಳಗಿಂದ ದನಿ, ಆಕ್ಷನ್ ಅಂದರು, ನಟಿ ತಿರುಗಿ ಮೇಜಿಗೆ ಬಗ್ಗಿದಳು, ಬೆನ್ನು, ಬಿಳಿ ಬಟ್ಟೆಯ ಬೆನ್ನು, ಅಲ್ಲಾಡುವ ಒಂದು ಮೊಣಕೈ, ಬೆನ್ನು.

ಆ ಬೆನ್ನು — ಇದಲ್ಲ, ಆ ಬೆನ್ನು, ದೊಡ್ಡ ಸಿಸ್ಟರದ್ದು, ತನಗೆ ಕೆಲಸ ಕಲಿಸಿದ ದೊಡ್ಡ ಸಿಸ್ಟರು, ಅಗಲ ಬೆನ್ನು, ಆವತ್ತು ಹೆರಿಗೆಗೆ ನಾನೇ ಮಲಗಿದ್ದೇನೆ, ದಿನಾ ಬೇರೆಯವರನ್ನು ಮಲಗಿಸುವ ಅದೇ ಮಂಚದ ಮೇಲೆ, ಆಯ್ತಾ ಸಿಸ್ಟರ್, ಆಯ್ತು, ಹೆಣ್ಣು, ಮತ್ತೆ ಸದ್ದಿಲ್ಲ, ಸದ್ದಿಲ್ಲ ಅಂದರೇನು ಅಂತ ಮಲಗಿದವಳಿಗೆ ಗೊತ್ತು, ಬೇರೆ ಹೆಂಗಸಾಗಿದ್ದರೆ ಗೊತ್ತಾಗುತ್ತಿರಲಿಲ್ಲ, ಪುಣ್ಯವಂತೆ, ಬಟ್ಟೆ ಉಜ್ಜುವ ಸದ್ದು ಬರುತ್ತದೆ, ಬೆರಳ ಟಪ್ ಟಪ್ ಬರುತ್ತದೆ, ಕಾಣುವುದು ಬೆನ್ನು, ಮೊಣಕೈ, ಸ್ವಲ್ಪ ಪಕ್ಕಕ್ಕೆ ಬನ್ನಿ ಸಿಸ್ಟರ್, ಒಂಚೂರು, ಅನ್ನಬೇಕು, ನಾಲಿಗೆ ಏಳುವುದಿಲ್ಲ, ನಾನೂ ಎಷ್ಟು ಜನರಿಗೆ ಹೀಗೇ ಬೆನ್ನು ಕೊಟ್ಟು ನಿಂತಿದ್ದೆನಲ್ಲ — ಆಮೇಲೆ ಅತ್ತಳು ಮಗಳು, ಅತ್ತಳು, ಅವಳಪ್ಪ ಇವತ್ತಿಗೂ ಹೇಳುತ್ತಾನೆ, ಹುಟ್ಟುವಾಗ ಅಳದೇ ಉಳಿಸಿಕೊಂಡಿದ್ದನ್ನೆಲ್ಲ ಬಡ್ಡಿ ಸಮೇತ ಆಮೇಲೆ ಅತ್ತಳು ಅಂತ, ಎಲ್ಲರೂ ನಗುತ್ತಾರೆ, ತಾನೂ ನಗುತ್ತಾಳೆ, ಆದರೆ ನಡುವೆ ಆದದ್ದು ಏನು ಅಂತ ಅವಳು ನೋಡಲೇ ಇಲ್ಲ, ಎಲ್ಲರ ಮಕ್ಕಳದ್ದು ನೋಡಿದ್ದಾಳೆ, ತನ್ನದೊಂದು ನೋಡಲಿಲ್ಲ — ಕಟ್ ಅಂದಿದ್ದು ಯಾವಾಗಲೋ, ಡೈರೆಕ್ಟರು ಪಕ್ಕದಲ್ಲಿ ಬಗ್ಗಿ ನಿಂತಿದ್ದಾನೆ, ಕತ್ತಿಗೆ ಮಫ್ಲರು ಸುತ್ತಿಕೊಂಡ ಮೆತ್ತನೆ ದನಿಯ ಮನುಷ್ಯ, ನಿಜವಾಗ್ಲೂ ಹೀಗೇ ನಿಲ್ತಾರಾ ಅಮ್ಮ, ಹೀಗೇ, ಹಾಗಾದ್ರೆ ಹೀಗೇ ಇರ್ಲಿ, ಬೆನ್ನೇ ಕಾಣ್ಲಿ, ನೀವು ಹೇಳಿದ್ದೇ ಸರಿ, ಬೇಡ, ಅಂದಳು ಸಿಸ್ಟರಮ್ಮ, ತಿರುಗಿಸಿ, ಏನು, ಮೇಜು ತಿರುಗಿಸಿ, ಅವಳು ಈ ಕಡೆ ಮುಖ ಮಾಡ್ಲಿ, ಆದ್ರೆ ಅದು ತಪ್ಪಾಗುತ್ತಲ್ವಾ, ಆಸ್ಪತ್ರೆಯಲ್ಲಿ ಹಾಗೆ, ತಪ್ಪಾದ್ರೆ ಆಗ್ಲಿ, ಹೆತ್ತವಳಿಗೆ ಕಾಣ್ಬೇಕು, ಅಂದಳು, ಮೇಜಿನ ಕೆಳಗಿಂದ ಮಗಳ ತಲೆ ಹೊರಗೆ ಬಂತು, ಕೂದಲಲ್ಲಿ ಧೂಳು, ಅಮ್ಮನನ್ನ ನೋಡಿದಳು, ಬಹಳ ಹೊತ್ತು ನೋಡಿದಳು, ಮತ್ತೆ ಒಳಗೆ ಹೋದಳು.

ಒಂದು ಮೇಜು ತಿರುಗಿಸಿದರೆ ಇಷ್ಟೆಲ್ಲ ತಿರುಗಬೇಕಾ, ದೇವರೇ, ಸುಮ್ಮನೆ ಬಾಯಿಬಿಟ್ಟೆನಲ್ಲ ಅಂತ ಕೂತಲ್ಲೇ ಕುಗ್ಗಿದಳು, ಯಾರೂ ಮುಖ ಸಿಂಡರಿಸಲಿಲ್ಲ, ಲೈಟಿನವನು ಏಣಿ ಹೊತ್ತು ಆ ಮೂಲೆಯಿಂದ ಈ ಮೂಲೆಗೆ ಬಂದ, ಬೆಳಗಾಗಿದ್ದು ಆ ಕಿಟಕಿಯಲ್ಲಿ, ಈಗ ಈ ಕಿಟಕಿಯಲ್ಲಿ ಆಗಬೇಕಲ್ಲ, ಬಿಳಿ ಬಟ್ಟೆ ಕಟ್ಟಿದ, ದೀಪದ ಮುಂದೆ ಕೈಯಾಡಿಸಿದ, ಬೆಳಕು ಬಿಸಿಯಾಗಿ ಬಂತು, ಬೇಡ ಅಂದ, ಇನ್ನೊಂದು ಬಟ್ಟೆ ಇಳಿಬಿಟ್ಟ, ಈಗ ನೋಡು, ನೈಟ್ ಡ್ಯೂಟಿ ಮುಗಿಯುವ ಹೊತ್ತಿನ ತೆಳು ಬೆಳಕು, ಮಧ್ಯಾಹ್ನ ಎರಡು ಗಂಟೆಗೆ ಅವನು ಬೆಳಗು ಮಾಡಿದ, ಇನ್ನೊಬ್ಬ ಟೇಪು ಹಿಡಿದು ಕ್ಯಾಮೆರಾದಿಂದ ಮಗುವಿನ ಮೂಗಿನವರೆಗೆ ಅಳೆದ, ಮೂಗು ಮುಟ್ಟಲಿಲ್ಲ, ಕೂದಲೆಳೆ ಈಚೆಗೇ ಟೇಪು ನಿಲ್ಲಿಸಿದ, ಮಲಗಿರೋದನ್ನ ಎಬ್ಬಿಸಿಬಿಟ್ಟೇನು ಅನ್ನುವ ಹಾಗೆ, ಸೌಂಡಿನವನು ಉದ್ದ ಕೋಲಿನ ತುದಿಗೆ ಮೈಕು ಕಟ್ಟಿ ಎತ್ತಿ ಹಿಡಿದ, ಅವನನ್ನೇ ಕೇಳಿದಳು, ಅಳು ಎಲ್ಲಿಂದ ಬರುತ್ತಪ್ಪಾ, ಅಳು ಈಗಿಲ್ಲಮ್ಮ, ಅಳು ಆಮೇಲೆ ಬರುತ್ತೆ, ಬೇರೆ ರೂಮಲ್ಲಿ ಬೇರೆಯವ್ರು ಸೇರಿಸ್ತಾರೆ, ಮತ್ತೆ ಈಗ, ಈಗ ನಾವೆಲ್ಲ ಕೇಳಿಸ್ತು ಅಂದ್ಕೋಬೇಕು ಅಷ್ಟೆ, ಅಂದ, ನಗದೇ ಅಂದ. ಸೈಲೆನ್ಸ್. ಕ್ಲಾಪು ಬಡಿಯಿತು. ಆಕ್ಷನ್ ಅಂದದ್ದು ಪಿಸುಮಾತಿನಲ್ಲಿ, ನಟಿ ಮಗುವನ್ನು ಎತ್ತಿ ತಂದು ಮೇಜಿನ ಮೇಲಿಟ್ಟಳು, ಈ ಕಡೆ ಮುಖ, ಅಯ್ಯೋ ಆ ಮುಖ, ಭಯ ಇಲ್ಲ ಮುಖದಲ್ಲಿ, ಭಯವನ್ನು ಹೊಸಿಲಾಚೆ ನಿಲ್ಲಿಸಿ ಆಮೇಲೆ ಬಾ ಅಂದು ಬಂದ ಮುಖ, ಇದಾ, ಇದೇನಾ ಇಷ್ಟು ವರ್ಷ ನನ್ನ ಮುಖ ಇದ್ದದ್ದು, ದೊಡ್ಡ ಸಿಸ್ಟರದ್ದೂ ಆವತ್ತು ಹೀಗೇ ಇತ್ತಾ, ಆ ಬೆನ್ನಿನ ಆಚೆ ಇದಿತ್ತಾ, ಒರೆಸಿದಳು, ಬಾಯಿ ಚೊಕ್ಕ ಮಾಡಿದಳು, ಬೆನ್ನು ಉಜ್ಜಿದಳು, ಇನ್ನೂ ಗಟ್ಟಿ, ಇನ್ನೂ, ಅಂತ ಸಿಸ್ಟರಮ್ಮನ ಬೆರಳು ತನ್ನ ಮೊಣಕಾಲನ್ನೇ ಉಜ್ಜುತ್ತಿತ್ತು, ಅಂಗಾಲಿಗೆ ಟಪ್, ಟಪ್, ಏನಿಲ್ಲ, ಗೊಂಬೆ, ಗೊಂಬೆ ಅಂತ ಗೊತ್ತು, ಆದರೂ ಏನಿಲ್ಲವಲ್ಲ, ಬಣ್ಣ ನೋಡು, ಟಪ್ — ಅಷ್ಟರಲ್ಲಿ ಮೇಜಿನ ಬಟ್ಟೆಯ ಕೆಳಗಿಂದ ಚಾಚಿಕೊಂಡ ಒಂದು ಪಾದ ಕಂಡಿತು, ಬರಿಗಾಲು, ಧೂಳು ಮೆತ್ತಿದ ಹಿಮ್ಮಡಿ, ಮಗಳದ್ದು, ಬುರುಡೆ ಒತ್ತುವ ಬಿಗಿಗೆ ಅದರ ಹೆಬ್ಬೆರಳು ಒಳಕ್ಕೆ ಮಡಚಿತು, ಮೇಲೆ ಎದೆ ಎದ್ದಿತು, ಚೂರೇ ಚೂರು, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗಿ ಹೊರಕ್ಕೆ ಬಂತು, ಏಣಿಯ ಮೇಲಿದ್ದವನು ಕತ್ತು ಚಾಚಿದ, ಟೇಪಿನವನ ಬಾಯಿ ತೆರೆಯಿತು, ಮೈಕಿನ ಕೋಲು ಹಿಡಿದವನು ಕಣ್ಣು ಮುಚ್ಚಿ ಕೇಳುತ್ತಿದ್ದಾನೆ, ಎಲ್ಲರೂ ಕೇಳುತ್ತಿದ್ದಾರೆ, ಇಲ್ಲದ ಅಳುವನ್ನ, ನಟಿಯ ಮುಖದಲ್ಲಿ ಆ ಅಳು ಬಂದು ಮುಟ್ಟಿತು, ತುಟಿ ಅದುರಿತು, ಕಟ್ ಅನ್ನಬೇಕಾದವನು ಮಫ್ಲರಿನ ತುದಿ ಹಿಡಿದುಕೊಂಡು ನಿಂತೇ ಇದ್ದಾನೆ, ಸಿಸ್ಟರಮ್ಮ ಉಸಿರು ಬಿಟ್ಟಿಲ್ಲ, ಕೆಳಗೆ ಹೆಬ್ಬೆರಳು ಮಡಚುತ್ತದೆ, ಮೇಲೆ ಎದೆ ಏಳುತ್ತದೆ, ಬೆರಳು ಬಿಡಿಸಿಕೊಳ್ಳುತ್ತದೆ, ಇಳಿಯುತ್ತದೆ, ಮಡಚುತ್ತದೆ, ನೋಡಿದೆ ಕಣೇ, ನೋಡಿದೆ, ಏಳುತ್ತದೆ, ಧೂಳು ಮೆತ್ತಿದ ಪಾದ, ಹೆಬ್ಬೆರಳು, ಮಡಚಿ, ಬಿಡಿಸಿ, ಮಡಚಿ —