ಒಂದೂವರೆ ಗಂಟೆಯ ದಾರಿಯ ಮಲ್ಲಿಗೆ

ನಾನು ಒಂದು ಚೆಂಡು ಮಲ್ಲಿಗೆ. ಉಡುಪಿಯ ಕಡೆಯವಳು. ನನ್ನ ಆಯುಷ್ಯ ಬಹಳ ಚಿಕ್ಕದು, ಆದರೂ ಆಕಾಶದಲ್ಲಿ ಹಾರಿ ಬಂದಿದ್ದೇನೆ.

ವಾರಿಜಕ್ಕನ ಅಂಗಳದಲ್ಲಿ ಮೊಗ್ಗಾಗಿ ಹುಟ್ಟಿದೆ. ಅವಳ ಮಗಳು ಶಶಿಕಲಾ ಮುಂಬೈಯಲ್ಲಿ ತುಂಬು ಬಸುರಿ. ಅಂದು ಸಂಜೆ ಅವಳಿಗೆ ಬಯಕೆಯ ಶಾಸ್ತ್ರ. ಜಡೆಗೆ ಮೊದಲು ತವರಿನ ಹೂ ಏರಬೇಕು, ಉಳಿದವರದು ಆಮೇಲೆ. ಹಾಸಿಗೆ ಹಿಡಿದ ತನ್ನ ಅತ್ತೆಯನ್ನು ಬಿಟ್ಟು ವಾರಿಜಕ್ಕ ಹೊರಡುವಂತಿರಲಿಲ್ಲ. ಅವಳ ಬದಲು ನಾನು ಹೊರಟೆ, ಅವಳ ತಮ್ಮ ದಾಮೋದರನ ಚೀಲದಲ್ಲಿ.

ಬಸ್ಸಿನಲ್ಲಿ ಕಳಿಸುವಾಗೆಲ್ಲ ವಾರಿಜಕ್ಕ, ದಾರಿಯಲ್ಲಿ ಅರಳದಿರಲೆಂದು, ಎಳೆ ಮೊಗ್ಗನ್ನೇ ಕೊಯ್ಯುತ್ತಿದ್ದಳು. ಈ ಸಲ ತಮ್ಮನನ್ನು ಕೇಳಿದಳು:

“ವಿಮಾನದಲ್ಲಿ ಮುಂಬೈಗೆ ಎಷ್ಟು ಹೊತ್ತು ಮಾರಾಯ?”

“ಮಂಗಳೂರಿಂದ ಏಳುನೂರು ಚಿಲ್ಲರೆ ಕಿಲೋಮೀಟರ್ ಅಕ್ಕ. ಒಂದೂವರೆ ಗಂಟೆ. ನಿನ್ನ ಕುಚ್ಚಲಕ್ಕಿ ಬೇಯುವ ಮೊದಲು ನಾನಲ್ಲಿ!”

ವಾರಿಜಕ್ಕನ ಮುಖ ಬೆಳಗಿತು. ಬಿಸಿಲೇರಿದ ಮೇಲೆ, ಇನ್ನೇನು ಬಿರಿಯಬೇಕೆಂದಿದ್ದ ದಪ್ಪ ಮೊಗ್ಗುಗಳನ್ನೇ ಆರಿಸಿ ಬಾಳೆನಾರಿನಲ್ಲಿ ಕಟ್ಟಿದಳು. “ಮಗಳ ತಲೆಯಲ್ಲೇ ಅರಳಲಿ” ಎಂದು ಬಾಳೆಲೆ ಸುತ್ತಿದಳು. ವಿಮಾನ ನಿಲ್ದಾಣದವರೆಗಿನ ದಾರಿ, ಅಲ್ಲಿ ಕಾಯುವ ಹೊತ್ತು, ಆಚೆ ಊರಿನ ರಸ್ತೆ, ಇವೊಂದೂ ಅವಳ ಲೆಕ್ಕಕ್ಕೆ ಬರಲಿಲ್ಲ.

ಆಕಾಶದ ದಾರಿ ನಿಜಕ್ಕೂ ಚಿಕ್ಕದು, ತಂಪು. ಮೋಡಗಳ ಮೇಲೆ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಕಷ್ಟವೆಲ್ಲ ನೆಲದ ಮೇಲೆ. ಮುಂಬೈಯ ಟ್ಯಾಕ್ಸಿ ಹೆಜ್ಜೆಗೊಮ್ಮೆ ನಿಂತಿತು. ಸೆಕೆಗೆ ನನ್ನ ಮೊಗ್ಗುಗಳು ಒಂದೊಂದಾಗಿ ಬಿಚ್ಚಿಕೊಂಡವು. ತಡೆಯಲು ನೋಡಿದೆ, ಆಗಲಿಲ್ಲ.

ಮನೆಯಲ್ಲಿ ಶಶಿಕಲಾಳ ಅತ್ತೆ, ಉಳಿದ ಹೆಂಗಸರು ಅವಸರ ಮಾಡುತ್ತಿದ್ದರು. ಶಶಿಕಲಾ ತಲೆ ಬಾಗಿಸದೆ ಕುಳಿತಿದ್ದಳು.

“ಅಮ್ಮನದ್ದು ಬರಲಿ ಅತ್ತೆ.”

“ನಿನ್ನ ಅಮ್ಮನ ಹೂ ನಡೆದುಕೊಂಡು ಬರ್ತಾ ಉಂಟಾ? ಮುಹೂರ್ತ ಮೀರ್ತದೆ!”

ಆಗಲೇ ದಾಮೋದರ ಬೆವರುತ್ತಾ ಒಳಬಂದ. ಅತ್ತೆ ಬಾಳೆಲೆ ಬಿಡಿಸಿದರು. ನಾನು ಪೂರಾ ಅರಳಿ ದಣಿದಿದ್ದೆ. ಅಂಚು ಕಂದಿತ್ತು, ಎತ್ತುವಾಗ ಎರಡು ಹೂ ಉದುರಿದವು.

“ಇದನ್ನಾ ಮುಡಿಸುವುದು?”

“ಅದನ್ನೇ” ಎಂದಳು ಶಶಿಕಲಾ, ತಲೆ ಬಾಗಿಸಿದಳು.

ಅತ್ತೆ ಮುಡಿಸುತ್ತಿದ್ದಂತೆ ಫೋನ್ ಬಂತು. ಪರದೆಯ ತುಂಬ ವಾರಿಜಕ್ಕನ ಮುಖ.

“ಮೊಗ್ಗೇ ಬಂತಾ ಮಗಾ? ಅರಳ್ತಾ ಉಂಟಾ?”

ಶಶಿಕಲಾ ಉದುರಿದ ಎರಡು ಹೂಗಳನ್ನು ಸೆರಗಿನಲ್ಲಿ ಮುಚ್ಚಿದಳು. ಅತ್ತೆ ಫೋನನ್ನು ತೆಗೆದುಕೊಂಡು ದೂರ ಹಿಡಿದರು, ಕಂದಿದ ಅಂಚು ಕಾಣದಷ್ಟು ದೂರ.

“ಈಗಷ್ಟೇ ಬಿರೀತಾ ಉಂಟು ವಾರಿಜಾ. ಮನೆಯೆಲ್ಲ ಘಮಘಮ.”

“ನೋಡಿ, ನನ್ನ ಲೆಕ್ಕ ತಪ್ಪಲಿಲ್ಲ!” ವಾರಿಜಕ್ಕ ನಕ್ಕಳು. “ಮಗುವಿನ ತೊಟ್ಟಿಲ ಶಾಸ್ತ್ರಕ್ಕೂ ಹೀಗೆಯೇ ಕಳಿಸ್ತೇನೆ.”

ಈಗ ಬೆಳಗಾಗಿದೆ. ಕಿಟಕಿಯ ಮೂಲೆಯಲ್ಲಿ ಒಣಗಿ ಕಂದಾಗಿ ಮಲಗಿದ್ದೇನೆ. ಅಡುಗೆಮನೆಯಲ್ಲಿ ಅತ್ತೆ ದಾಮೋದರನಿಗೆ ಚಹಾ ಕೊಡುತ್ತಾ ಮೆಲ್ಲಗೆ ಹೇಳುತ್ತಿದ್ದಾರೆ: “ತೊಟ್ಟಿಲಿಗೆ ಹೂ ಬೇಡ ಮಾರಾಯ. ವಾರಿಜಾಳ ಅತ್ತೆಯ ಹತ್ತಿರ ಊರಿಗೆ ನಾನು ಹೋಗಿ ಕೂತುಕೊಳ್ತೇನೆ. ನಿನ್ನ ಅಕ್ಕನನ್ನೇ ವಿಮಾನ ಹತ್ತಿಸು.”