ಮಾವನಿಗಾಗಿ ಬಾರದ ಪ್ರಾರ್ಥನೆ

ದರ್ಜಿ ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದ ಅವಳನ್ನು ಬೀದಿಯವರೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಆ ವರ್ಷ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಗಿ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ದಿನವೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಮಾಂಸ ಬಿಡುವುದು ಹೇಗೂ ಇದ್ದದ್ದೇ. ಈ ಸಲ ಬಾಯಿಪಾಠದ ಜಪ ಬಿಟ್ಟು, ಕೆಲಸಕ್ಕೆ ಹೋಗುವ ಮುಂಚೆ ಖಾಲಿ ಚರ್ಚಿನಲ್ಲಿ ಸುಮ್ಮನೆ ಕೂತು ದೇವರ ಜೊತೆ ಇರಬೇಕು.

ಸುಮ್ಮನೆ ಕೂತರೆ ಮನಸ್ಸಿಗೆ ದೇವರು ಬರಲಿಲ್ಲ, ಮಾವ ಬಂದರು.

ಮಾವನಿಗೆ ಲಕ್ವ ಹೊಡೆದು ಬಲಭಾಗವೂ ಮಾತೂ ಬಿದ್ದುಹೋಗಿದ್ದವು. ಬೇರೆ ದಿಕ್ಕಿಲ್ಲದೆ ಸೊಸೆಯ ಎರಡು ಕೋಣೆಯ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದರು. ತಮ್ಮ ಮಾತು ಮೀರಿ ಇವಳನ್ನು ಕಟ್ಟಿಕೊಂಡನೆಂದು ಮಗನ ಮುಖ ನೋಡುವುದನ್ನೇ ಬಿಟ್ಟವರು ಅವರು. ಆ ಮಗ ಆಸ್ಪತ್ರೆಯಲ್ಲಿ ಜೀವ ಬಿಡುವಾಗ, “ಅಪ್ಪ ಬಂದ್ರಾ?” ಎಂದು ಬಾಗಿಲನ್ನೇ ನೋಡುತ್ತಿದ್ದ. ಅಪ್ಪ ಬರಲಿಲ್ಲ. ಮಣ್ಣಿಗೂ ಬರಲಿಲ್ಲ.

ಈಗ ಅವರ ಮೈ ಒರೆಸುವವಳು, ಬಾಯಿಗೆ ತುತ್ತಿಡುವವಳು ಇವಳೇ. “ನಿನ್ನ ಹೆಸರಲ್ಲೂ ಒಂದು ಚರ್ಚು ಕಟ್ಟಬೇಕು ಕಣೇ” ಎಂದು ಹೆಂಗಸರು ಹೊಗಳಿದಾಗ ಅವಳ ಮೈ ಉರಿಯುತ್ತಿತ್ತು. ಚರ್ಚಿನಲ್ಲಿ ಕಣ್ಣು ಮುಚ್ಚಿದರೆ ಆ ಬಾಗಿಲು, ಗಂಡನ ಆ ನೋಟ. ಬರಬರುತ್ತಾ ಅವಳಿಗೆ ತನ್ನ ಮನಸ್ಸಿನ ಮೇಲೇ ಭಯ ಹುಟ್ಟಿತು. ಪಾಪನಿವೇದನೆಗೆ ಹೋದಳು.

“ಫಾದರ್, ಮಾವ ಬೇಗ ಹೋಗ್ಲಿ ಅನ್ಸುತ್ತೆ. ಅವರ ಮೈ ಒರೆಸ್ತಾ ಇರುವಾಗ್ಲೇ ಅನ್ಸುತ್ತೆ.”

ಜಾಲರಿಯ ಆಚೆ ಮುದಿ ಗುರುಗಳು ಕೆಮ್ಮಿದರು. “ಇದನ್ನ ದೇವರಿಗೆ ಹೇಳಿದ್ದೀಯಾ?”

“ಅಯ್ಯೋ, ದೇವರಿಗೆ ಹೇಳೋ ಮಾತಾ ಇದು?”

“ನನಗೆ ಹೇಳಬಹುದು, ಅವನಿಗೆ ಹೇಳಬಾರದಾ? ಚೆಂದ ಮಾಡೋಕೆ ಹೋಗಬೇಡಮ್ಮ. ಇದ್ದದ್ದನ್ನ ಇದ್ದ ಹಾಗೇ ಹೇಳು.”

ಅವಳಿಗೆ ಧೈರ್ಯ ಸಾಲಲಿಲ್ಲ. ಮರುದಿನ ಮತ್ತೆ ಜಪಮಾಲೆ ಹಿಡಿದಳು. ಬಾಯಿ ಆಡಿತು, ಮನಸ್ಸು ಕದಲಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಅವಳು ಊಟದ ಬಿಡುವಿನಲ್ಲಿ ಮನೆಗೆ ಬಂದು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸುತ್ತಿದ್ದಾಗ ತುತ್ತು ಮಾವನ ಗಂಟಲಿಗೆ ಸಿಕ್ಕಿಕೊಂಡಿತು. ಮುಖ ಕೆಂಪಾಗಿ ಆಮೇಲೆ ನೀಲಿಗಟ್ಟಿತು. ಎಡಗೈ ಗಾಳಿಯಲ್ಲಿ ತಡಕಾಡಿತು. ಗುಂಡಿಯಕ್ಕ ಚಮಚ ಹಿಡಿದು ನಿಂತಳು. ನಿಂತೇ ಇದ್ದಳು. ಯಾರೂ ನೋಡುತ್ತಿಲ್ಲ, ಯಾರೂ ಕೇಳುವುದೂ ಇಲ್ಲ ಎಂಬ ಯೋಚನೆ ತಣ್ಣಗೆ ತಲೆಯೊಳಗೆ ಹಾದುಹೋಯಿತು. ಮಾವನ ಕಣ್ಣು ಅವಳ ಮೇಲೇ ನೆಟ್ಟಿತ್ತು. ಆ ಕಣ್ಣಿಗೆ ಎಲ್ಲ ಗೊತ್ತಾಗಿತ್ತು.

ಚಮಚ ಎಸೆದು, ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಸಿಕ್ಕಿಕೊಂಡಿದ್ದ ಬ್ರೆಡ್ಡು ಹೊರಬಿತ್ತು, ಉಸಿರು ಮರಳಿತು.

“ಯಾಕೆ ಬರ್ಲಿಲ್ಲ ನೀವು?” ಎಂದು ಕಿರುಚಿದಳು. “ನಿಮ್ಮ ಮಗ ಕೊನೇ ಗಳಿಗೇಲೂ ನಿಮ್ಮನ್ನೇ ಕೇಳ್ತಿದ್ರು!”

ಮಾವನ ಸೊಟ್ಟ ಬಾಯಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಕಣ್ಣಲ್ಲಿದ್ದದ್ದು ಅಳುವೋ, ಕೆಮ್ಮಿಗೆ ಬಂದ ನೀರೋ ತಿಳಿಯಲಿಲ್ಲ.

ಸಂಜೆ ನೆರೆಯವಳನ್ನು ಮಾವನ ಬಳಿ ಕೂರಿಸಿ ಚರ್ಚಿಗೆ ಹೋದಳು. ಶುಕ್ರವಾರದ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದು ಜನ ಚದುರುತ್ತಿದ್ದರು. ಕೊನೆಯ ಬೆಂಚಿನಲ್ಲಿ ಕೂತು ಪಿಸುಗುಟ್ಟಿದಳು: “ಇವತ್ತು ಅವರು ಸಾಯ್ಲಿ ಅಂತ ನೋಡ್ತಾ ನಿಂತಿದ್ದೆ. ಕ್ಷಮಿಸೋಕೆ ಆಗ್ತಿಲ್ಲ ನನಗೆ. ನಿನ್ನ ಮೇಲೂ ಸಿಟ್ಟಿದೆ. ಅವತ್ತು ನೀನಾದ್ರೂ ಅವರನ್ನ ಕರ್ಕೊಂಡು ಬರಬಹುದಿತ್ತು.”

ಎದೆ ಹಗುರವೇನೂ ಆಗಲಿಲ್ಲ. ಆದರೂ ಬಾಗಿಲು ಹಾಕುವವನು ಬಂದು ಕೆಮ್ಮುವ ತನಕ ಅವಳು ಎದ್ದು ಹೋಗಲಿಲ್ಲ.

ಮರುದಿನ ಅವಳ ಕೈಯ ಚಮಚಕ್ಕೆ ಮಾವ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿ ಗೋಡೆ ಕಡೆ ಮುಖ ತಿರುಗಿಸಿದರು. ಹೆದರಿದ್ದರು.

“ನನಗೂ ನನ್ನ ಕಂಡ್ರೆ ಹೆದರಿಕೆ ಮಾವ,” ಎಂದಳು ಗುಂಡಿಯಕ್ಕ. ಚಮಚವನ್ನು ಬಟ್ಟಲಲ್ಲಿಟ್ಟು, ಮಂಚದ ಅಂಚಿನಲ್ಲಿ ಕಾಯುತ್ತಾ ಕೂತಳು. ಹಾಲು ಆರಿ ಕೆನೆಗಟ್ಟಿದ ಮೇಲೆ ಮುದುಕರು ಮೆಲ್ಲಗೆ ಇತ್ತ ಮುಖ ತಿರುಗಿಸಿ, ತುಟಿಯನ್ನು ಕೊಂಚವೇ ಬಿಡಿಸಿದರು.