ಮಗ್ಗುಲ ಮುಖ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಮಧುರಾ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಹೇಳಲಿ. ಗುರುಬಸವ ಸಿಡ್ನಿಯಿಂದ ಫೋನ್ ಮಾಡಿದ ಆ ಭಾನುವಾರ ಮಾತ್ರ ಎಂಥ ತಣ್ಣಗಿನ ಮನುಷ್ಯನಿಗೂ ಮೈ ಉರಿಯುತ್ತಿತ್ತು.

ನಾನು ಸಿಡ್ನಿಗೆ ವಿಮಾನದ ದೂರದಲ್ಲಿರುವ ಪಾಯಿಂಟ್ ಕುಕ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ನಾಣ್ಯ ಕೆತ್ತುತ್ತಿದ್ದೆ. ವಾರವೆಲ್ಲ ಫ್ರೀವೇಯಲ್ಲಿ ಸಿಟಿಗೆ ಹೋಗಿ ಸೇತುವೆಗಳ ಲೆಕ್ಕ ಹಾಕುವವನಿಗೆ ಭಾನುವಾರದ ಹುಚ್ಚು ಇದೊಂದೇ. ಅಮೆರಿಕದ ಹಳೆಯ ನಿಕಲ್ ನಾಣ್ಯ ಬರುತ್ತದಲ್ಲ, ಒಂದು ಮೈಗೆ ಕಾಡೆಮ್ಮೆ, ಇನ್ನೊಂದು ಮೈಗೆ ಆ ನೆಲದ ಮೂಲನಿವಾಸಿಯೊಬ್ಬನ ಮಗ್ಗುಲ ಮುಖ. ಹಿಂದೆ ಅಲ್ಲಿ ಊರೂರು ಅಲೆಯುತ್ತಿದ್ದ ಕೂಲಿಗಳು ಆ ಮುಖವನ್ನೇ ಕೆತ್ತಿ ಬೇರೆ ಮುಖ ಮಾಡಿ, ಒಂದು ಊಟಕ್ಕೋ ಒಂದು ರಾತ್ರಿಯ ನೆಲೆಗೋ ಕೊಟ್ಟುಬಿಡುತ್ತಿದ್ದರಂತೆ. ಹೋಬೋ ಎಂದರೆ ಅಲೆಮಾರಿ, ಅದಕ್ಕೇ ಹೋಬೋ ನಿಕಲ್ ಎಂದು ಹೆಸರು. ನಾನು ಸವೆದ ನಾಣ್ಯ ತರಿಸಿ, ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು, ಸಣ್ಣ ಉಳಿಯಿಂದ ಟೋಪಿ ಹಾಕಿದ ಮುದುಕರನ್ನೂ ಮೀಸೆಯ ಪೈಲ್ವಾನರನ್ನೂ ತೆಗೆಯುತ್ತೇನೆ. ಆಮೇಲೆ ಗಂಧಕದ ನೀರಿನಲ್ಲಿ ಅದ್ದಿ ಕಪ್ಪು ಮಾಡಿ ಮೇಲಿಂದ ಉಜ್ಜಿದರೆ ಗೆರೆಗಳಲ್ಲಷ್ಟೇ ಕಪ್ಪು ಉಳಿದು ಮುಖಕ್ಕೆ ಜೀವ ಬರುತ್ತದೆ. ಈ ಕೆಲಸಕ್ಕೆ ಒಂದೇ ಕಟ್ಟಳೆ. ತೆಗೆದ ಲೋಹವನ್ನು ತಿರುಗಿ ಹಚ್ಚಲಿಕ್ಕೆ ಬರುವುದಿಲ್ಲ.

ಗುರುಬಸವ ನನ್ನ ತಂಗಿ ಮಹಾಶ್ವೇತಾಳ ಗಂಡ. ಅವರದು ಸಿಡ್ನಿಯ ಸ್ಕೋಫೀಲ್ಡ್ಸ್. ಮಹಾಶ್ವೇತಾ ಹೋಗಿ ಎರಡು ವರ್ಷ. ಆಫೀಸಿನಲ್ಲಿ ಕೂತವಳು ಕೂತಲ್ಲೇ ತಲೆ ಹಿಡಿದುಕೊಂಡಳಂತೆ, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ನಮ್ಮಿಬ್ಬರಿಗೂ ಧಾರವಾಡದಲ್ಲಿ ಒಂದೇ ತಟ್ಟೆಯಲ್ಲಿ ಅವ್ವ ಉಣಿಸಿದ್ದಳು. ಆಕೆಯ ಸುದ್ದಿ ಬಂದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ.

"ಅಣ್ಣಾರ, ನಾ ಮತ್ತ ಮದುವಿ ಆಗಾಕತ್ತೀನಿ," ಎಂದ ಗುರುಬಸವ. "ಶ್ರೀದೇವಿ ಅಂತ, ಬೆಳಗಾವಿಯಾಕಿ. ಪ್ರಾರ್ಥನಾಗೂ ಹೇಳೀನಿ."

ಪ್ರಾರ್ಥನಾ ಅವರ ಮಗಳು, ಹೈಸ್ಕೂಲಿಗೆ ಹೋಗುವ ಹುಡುಗಿ.

"ಆಗಪಾ. ಬ್ಯಾಡ ಅನ್ನಾಕ ನಾ ಯಾರು?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಇನ್ನೊಂದು ಐತ್ರಿ. ಅವ್ವ ಬಂದಾಳ ಹುಬ್ಬಳ್ಳಿಯಿಂದ. ಸವತಿ ತಾಳಿ ಇಲ್ದ ಮದುವಿ ಮಾಡಾಕ ಒಪ್ಪವಲ್ಲಳು. ಇಲ್ಲಿ ಯಾರು ಮಾಡ್ತಾರ್ರಿ? ನೀವು ಮಾರಿ ಕೆತ್ತತೀರಲ್ಲ..."

ನಮ್ಮ ಕಡೆ ಕೆಲವು ಮನೆತನಗಳಲ್ಲಿ ಈ ಪದ್ಧತಿ ಇದೆ. ಮೊದಲ ಹೆಂಡತಿ ಸತ್ತು ಗಂಡ ಎರಡನೆಯವಳನ್ನು ತಂದರೆ, ಸತ್ತವಳ ಮುಖ ತೆಗೆಸಿದ ಬೆಳ್ಳಿಯ ಬಿಲ್ಲೆಯನ್ನು ಹೊಸಬಳ ಕೊರಳಿಗೆ ಹಾಕುತ್ತಾರೆ. ಸತ್ತವಳು ಮನೆ ಬಿಟ್ಟು ಹೋಗಿಲ್ಲ, ಅವಳ ಪಾಲಿನ ಮರ್ಯಾದೆ ಅವಳಿಗಿದೆ ಎಂದು ಅದರ ಅರ್ಥ. ನಾನು ಅದನ್ನೆಲ್ಲ ವಿಚಾರ ಮಾಡಲಿಲ್ಲ. ನನ್ನ ತಂಗಿಯ ಮುಖವನ್ನು ನಾನೇ ಕೆತ್ತಿ ಮತ್ತೊಬ್ಬಳ ಕೊರಳಿಗೆ ಕೊಡಬೇಕಂತೆ. ನಾಚಿಕೆಯಿಲ್ಲದವನೇ ಎಂದು ಬಾಯಿಗೆ ಬಂದದ್ದನ್ನು ಅಂದು ಫೋನ್ ಇಟ್ಟೆ.

ಮಧುರಾ ಚಹ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಯಾರ್ಯಾರೋ ಟೊಪಗಿ ಮುದುಕರ ಮಾರಿ ತಗೀತೀರಿ. ತಂಗಿ ಮಾರಿ ತಗಿಯಾಕ ಏನು ಧಾಡಿ?" ಎಂದಳು. ನಾನು ಮತ್ತೆ ಉಳಿ ಹಿಡಿದೆ. ಅವಳು ಚಹ ನನ್ನ ಮುಂದಿಟ್ಟು, "ನಾಳಿಗೆ ಆ ಮನ್ಯಾಗ ಫೋಟೋ ಒಂದೊಂದ ಕೆಳಗ ಇಳೀತಾವ. ನೀವು ಮಾಡ್ದಿದ್ರ ಆಕಿ ಅಲ್ಲೆ ಎಲ್ಲಿರ್ತಾಳು?" ಎಂದಳು.

ಅದು ನನ್ನ ಎದೆಗೆ ನಾಟಿತು. ಆ ಮನೆಯಲ್ಲಿ ನನ್ನ ತಂಗಿಯ ಮುಖ ಉಳಿಯಬೇಕು. ಆಕೆಯದೇ ಮುಖ, ಇದ್ದ ಹಾಗೆ. ನನಗೆ ಬೇಕಾದದ್ದು ಅಷ್ಟೇ. ಮರುದಿನ ಗುರುಬಸವನಿಗೆ ಮಾಡುತ್ತೇನೆ ಎಂದು ಹೇಳಿದೆ.

ನಿಕಲ್ ನಡೆಯುವುದಿಲ್ಲ, ಬೆಳ್ಳಿಯೇ ಬೇಕು. ಅವ್ವ ಕೊಟ್ಟಿದ್ದ ಹಳೆಯ ಕಾಲದ ಬೆಳ್ಳಿ ರೂಪಾಯಿ ನನ್ನಲ್ಲಿ ಒಂದೇ ಒಂದು ಇತ್ತು. ಅದರ ಮೇಲೆ ಕಿರೀಟ ಇಟ್ಟು ಗಡ್ಡ ಬಿಟ್ಟ ಇಂಗ್ಲೆಂಡಿನ ರಾಜ. ಕಿರೀಟದ ಜಾಗದಲ್ಲಿ ತುರುಬು, ಗಡ್ಡ ಇಳಿಸಿದರೆ ಗದ್ದ. ಲೋಹ ಬೇಕಾದಷ್ಟಿತ್ತು. ಇನ್ನು ಮಹಾಶ್ವೇತಾಳ ಒಂದು ಮಗ್ಗುಲ ಫೋಟೋ ಬೇಕು, ಮುಗಿಯಿತು ಎಂದುಕೊಂಡೆ.

ಒಂದೂ ಸಿಗಲಿಲ್ಲ. ಮದುವೆಯ ಆಲ್ಬಂ, ಹುಟ್ಟುಹಬ್ಬ, ಸಂಕ್ರಾಂತಿ, ಬೀಚು, ಎಲ್ಲದರಲ್ಲೂ ಆಕೆ ಕ್ಯಾಮೆರಾದ ಕಡೆಗೇ ನೋಡುತ್ತ ನಗುತ್ತಿದ್ದಳು. ಫೋಟೋ ಅಂದ ಕೂಡಲೇ ನೆಟ್ಟಗೆ ತಿರುಗಿ ನಿಲ್ಲುವ ಜನ ನಾವು. ವಿಡಿಯೋ ಕಾಲ್‌ಗಳಲ್ಲಿ ಉಳಿದದ್ದು ಹಣೆ ಮತ್ತು ಅಡಿಗೆಮನೆಯ ಚಾವಣಿ. ನಾನು ಕಣ್ಣು ಮುಚ್ಚಿ ನೆನೆದೆ. ಹಣೆ ಬಂತು, ಹುಬ್ಬು ಬಂತು, ನಗು ಬಂತು. ಮಗ್ಗುಲಿಂದ ಆಕೆಯ ಮೂಗು ಹೇಗಿತ್ತು ಎನ್ನುವುದು ಮಾತ್ರ ಏನು ಮಾಡಿದರೂ ಬರಲಿಲ್ಲ. ಬೇರೆ ನಿಕಲ್‌ಗಳ ಮೇಲೆ ಕೈ ಪಳಗಿಸಿ ನೋಡಿದೆ. ಕ್ಯಾಲೆಂಡರಿನ ಹೆಂಗಸರು ಬಂದರೇ ಹೊರತು ತಂಗಿ ಬರಲಿಲ್ಲ. ಎರಡು ನಾಣ್ಯ ಕಸದ ಬಿನ್ನಿಗೆ ಎಸೆದೆ.

ಅಷ್ಟರಲ್ಲಿ ಶಾಲೆಗೆ ರಜೆ ಬಂದು ಪ್ರಾರ್ಥನಾ ನಮ್ಮ ಮನೆಗೆ ಬಂದಳು. ಮದುವೆಯ ಸಿದ್ಧತೆಯ ನಡುವೆ ಹುಡುಗಿ ಒಂದು ವಾರ ದೂರ ಇರಲಿ ಎಂದು ಗುರುಬಸವನೇ ಕಳಿಸಿದ್ದ. ಮಾತು ಕಡಿಮೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಎರಡು ಶಬ್ದ ಉತ್ತರ ಕೊಟ್ಟು ಫೋನಿಗೆ ಮುಖ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಗ್ಯಾರೇಜಿಗೆ ಬಂದು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತಳು. ನಾನು ತಲೆ ಎತ್ತಿ ನೋಡಿದೆ. ಬೆಳಕಿಗೆ ಅಡ್ಡವಾಗಿ ಮಹಾಶ್ವೇತಾಳೇ ಕೂತಿದ್ದಳು.

"ಹಂಗ ಕೂಡವ್ವಾ. ಅಲುಗಾಡಬ್ಯಾಡ," ಎಂದೆ.

"ವೈ, ಮಾಮಾ?"

"ಏನಿಲ್ಲ. ಬೆಳಕು ನೋಡಾಕತ್ತೀನಿ."

ಆಕೆಗೆ ಗೊತ್ತಾಗದ ಹಾಗೆ ಫೋಟೋ ತೆಗೆದುಕೊಂಡೆ. ಹೇಳಿ ತೆಗೆದಿದ್ದರೆ ಅವಳೂ ನಮ್ಮವಳೇ, ತಿರುಗಿ ನೆಟ್ಟಗೆ ಕೂರುತ್ತಿದ್ದಳು.

ಆಮೇಲಿನ ಕೆಲಸ ನೀರು ಕುಡಿದಷ್ಟು ಸಲೀಸಾಯಿತು. ರಾಜನ ಗಡ್ಡ ಹೋಯಿತು, ಕಿರೀಟ ತುರುಬಾಯಿತು. ಅವನ ಮೂಗು ಉದ್ದ, ಅದನ್ನು ಹಂತಹಂತವಾಗಿ ಇಳಿಸಿ ಫೋಟೋದಲ್ಲಿದ್ದಂತೆ ಮೊಟಕು ಮಾಡಿ ತುದಿಯನ್ನು ತುಸು ಮೇಲೆತ್ತಿದೆ. ಗದ್ದಕ್ಕೆ ವಯಸ್ಸು ತಂದೆ, ಕಿವಿಗೆ ಬೆಂಡೋಲೆ ಇಟ್ಟೆ. ಗಂಧಕದ ನೀರಿನಿಂದ ತೆಗೆದು ಉಜ್ಜಿದಾಗ ನಾನು ಅತ್ತೆ. ಮಧುರಾ ನೋಡಿ, "ಆಕೀನ," ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ಇಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಹಿಂದೆ ಆಗಿರಲಿಲ್ಲ. ಈಗ ಯಾರು ಬೇಕಾದರೂ ಆ ಮನೆಗೆ ಬರಲಿ ಎನಿಸಿತು.

ಮದುವೆಯ ಹಿಂದಿನ ದಿನ ಸ್ಕೋಫೀಲ್ಡ್ಸ್ ಮುಟ್ಟಿದೆವು. ಗುರುಬಸವನ ತಾಯಿ ಚನ್ನಬಸವ್ವ ದೇವರ ಜಗಲಿಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದಳು. ಬಿಲ್ಲೆಗೆ ನೀರೆರೆದು, ವಿಭೂತಿ ಹಚ್ಚಿ, ಸತ್ತವಳ ಹೆಸರು ಹೇಳಿ ಜಗಲಿಯ ಮೇಲಿಡಬೇಕು. ಮರುದಿನ ಅದು ಶ್ರೀದೇವಿಯ ಕೊರಳಿಗೆ ಹೋಗಬೇಕು. ನಾನು ಬಿಲ್ಲೆ ಸುತ್ತಿದ್ದ ಹತ್ತಿ ಬಟ್ಟೆ ಬಿಡಿಸಿ ಅದನ್ನು ಮುದುಕಿಯ ಅಂಗೈಯಲ್ಲಿಟ್ಟೆ. ಅವಳು ಹೆಬ್ಬೆರಳಿನಿಂದ ಅದರ ಮೇಲೆ ಒಮ್ಮೆ ಸವರಿದಳು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಪ್ರಾರ್ಥನಾ, ಇಲ್ಲಿ ಬಾರವ್ವಾ," ಎಂದಳು. ಹುಡುಗಿ ಬಂದಳು. "ಅತ್ತಾಗ ನೋಡು." ಹುಡುಗಿ ಬಾಗಿಲ ಕಡೆ ಮುಖ ಮಾಡಿದಳು. ಮುದುಕಿ ಬಿಲ್ಲೆಯನ್ನೂ ಮೊಮ್ಮಗಳನ್ನೂ ನೋಡಿ ಅದನ್ನು ಚಾಪೆಯ ಮೇಲಿಟ್ಟಳು, ಜಗಲಿಯ ಮೇಲೆ ಇಡಲಿಲ್ಲ.

"ವಿರುಪಾಕ್ಷಪ್ಪಾ, ಇದು ನಮ್ಮ ಕೂಸಿನ ಮಾರಿ. ಜೀವ ಇದ್ದ ಕೂಸನ್ನ ಸತ್ತವರ ಸಾಲಿನ್ಯಾಗ ಇಡಾಕ ತಂದೀ?"

ನನಗೆ ನೆತ್ತಿಗೇರಿತು. "ಅವ್ವಾರ, ಮಗಳು ತಾಯಿ ಹಂಗ ಇರೂದಿಲ್ಲೇನ್ರಿ? ಆಕಿ ನನ್ನ ಒಡಹುಟ್ಟಿದಾಕಿ. ನನಗ ಗೊತ್ತಿಲ್ಲೇನು ಆಕಿ ಮಾರಿ?"

"ಹಣಿ ತಾಯೀದು. ಮೂಗು ತಾಯೀದಲ್ಲಪಾ. ನಮ್ಮ ಮನೀದು," ಎಂದು ಮುದುಕಿ ಕನ್ನಡಕ ತೆಗೆದು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. "ನೋಡು."

ನೋಡಿದೆ. ಅದೇ ಮೊಟಕು ಮೂಗು, ಅದೇ ಮೇಲೆದ್ದ ತುದಿ. ನಾನು ಹಗಲೆಲ್ಲ ಭೂತಗನ್ನಡಿ ಹಾಕಿಕೊಂಡು ಚನ್ನಬಸವ್ವನ ಮೂಗು ಕೆತ್ತಿದ್ದೆ. ಅದನ್ನು ತಂಗಿ ಎಂದು ಎದೆಗೊತ್ತಿಕೊಂಡು ಅತ್ತಿದ್ದೆ.

"ಆಕಿ ಮೂಗು ನೀಳ ಇತ್ತು. ನಡುವ ಉಬ್ಬಿದಂಗ ಒಂದು ಸಣ್ಣ ಏಣು ಇತ್ತು, ಎದುರಿಗೆ ಕಾಣ್ತಿರಲಿಲ್ಲ. ಬಾಣಂತನದಾಗ ದಿನಾ ಮಗ್ಗಲಕ ಕೂತು ತಲಿಗೆ ಅರಿವಿ ಕಟ್ಟೀನಿ," ಎಂದಳು ಮುದುಕಿ. ಅವಳ ದನಿಯಲ್ಲಿ ಜಗಳ ಇರಲಿಲ್ಲ.

ನಾನು ಗುರುಬಸವನ ಕಡೆ ತಿರುಗಿದೆ. "ನೀ ಹೇಳೋ. ಇಷ್ಟು ವರ್ಷ ಕಾರಿನ್ಯಾಗ ಮಗ್ಗಲಕ ಕುಂದ್ರಿಸಿಕೊಂಡು ಅಡ್ಡಾಡೀದಿ. ಏಣು ಇತ್ತೇನು?"

ಅವನು ಬಿಲ್ಲೆಯ ಕಡೆ ಒಮ್ಮೆ ನೋಡಿದ. "ರಸ್ತೆ ನೋಡ್ತಿದ್ನೆಲ್ರಿ ಅಣ್ಣಾರ," ಎಂದು ಅಡಿಗೆಮನೆಗೆ ಹೋಗಿಬಿಟ್ಟ.

ನೀಳ ಮೂಗಿಗೆ ಬೇಕಾದ ಬೆಳ್ಳಿಯನ್ನು ನಾನು ಕೆತ್ತಿ ಗುಡಿಸಿ ಹಾಕಿದ್ದೆ. ರಾಜನ ಮೂಗನ್ನು ಮುಟ್ಟದೆ ಬಿಟ್ಟಿದ್ದರೂ ತಂಗಿಗೆ ಹತ್ತಿರ ಬರುತ್ತಿತ್ತು. ಬೆಳಗಾದರೆ ಮದುವೆ. ಮುದುಕಿ ವಿಚಾರ ಮಾಡಿ, "ಮಾರಿ ತಗದುಬಿಡು. ಬರೀ ಬಿಲ್ಲಿ ಆದ್ರೂ ನಡೀತೈತಿ. ಹೆಸರು ಹೇಳಿ ನೀರು ಹಾಕತೀನಿ," ಎಂದಳು. ಸಾಮಾನು ಚೀಲದಲ್ಲೇ ಇತ್ತು. ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಸಣ್ಣ ಅರದಿಂದ ಉಜ್ಜತೊಡಗಿದೆ. ಪ್ರಾರ್ಥನಾ ಬಂದು ಪಕ್ಕದಲ್ಲಿ ನಿಂತಳು.

"ಈಸ್ ದಟ್ ಮೀ?"

"ಹ್ಞೂಂ."

ಆಕೆ ಅಲ್ಲೇ ನಿಂತು ನೋಡಿದಳು. ಮೊದಲು ಮೂಗು ಹೋಯಿತು, ಆಮೇಲೆ ತುಟಿ, ಗದ್ದ, ಕಿವಿ. ತುರುಬು ಕೊನೆಗೆ ಹೋಯಿತು. ಜೀವಮಾನದಲ್ಲಿ ಇಂಥ ದರಿದ್ರ ಕೆಲಸ ಮಾಡಿರಲಿಲ್ಲ.

ಮದುವೆ ಸಣ್ಣದಾಗಿ ಆಯಿತು. ಶ್ರೀದೇವಿ ಒಳ್ಳೆಯ ಹೆಂಗಸು, ಅದನ್ನು ಒಪ್ಪಿಕೊಳ್ಳಲೇಬೇಕು. ಬೋಳು ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿಸಿಕೊಂಡಳು, ನನ್ನ ಕಾಲಿಗೆ ಬಿದ್ದಳು. ಇನ್ನು ಮೇಲೆ ಇವಳೇ ನಿನ್ನ ತಂಗಿ ಎಂದು ಮುದುಕಿ ಹೇಳಿದಳು. ತವರಿನವರು ಕೊಡಬೇಕಾದ ಸೀರೆಯನ್ನು ಮಧುರಾ ಕೊಟ್ಟಳು. ನಾನು ತಲೆ ಆಡಿಸಿದೆ.

ಏರ್‌ಪೋರ್ಟಿಗೆ ಹೊರಟಾಗ ಪ್ರಾರ್ಥನಾ ಕಾರಿನವರೆಗೆ ಬಂದು, ಇನ್ನೊಂದು ಮಾಡಿಕೊಡು, ನನಗೆ, ಏಣು ಇರುವ ಮೂಗಿನದು, ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಆಗಲಿ ಎಂದೆ. ಇನ್ನೊಂದು ಬೆಳ್ಳಿ ರೂಪಾಯಿ ಹುಡುಕಿ ತರಿಸಿದೆ. ಗ್ಯಾರೇಜಿನಲ್ಲಿ ಕೂತು ಕಣ್ಣು ಮುಚ್ಚಿದರೆ ಮುಂಚೆ ಬರುತ್ತಿದ್ದ ಹಣೆ, ಹುಬ್ಬು, ನಗು ಕೂಡ ಬರುವುದಿಲ್ಲ. ಬರುವುದು ನಾನು ಕೆತ್ತಿ ಅಳಿಸಿದ ಮುಖ ಒಂದೇ. ವಾರಗಟ್ಟಲೆ ಗೂಟಕ್ಕೆ ಕಟ್ಟಿದ ದನದ ಹಾಗೆ ಆ ನಾಣ್ಯದ ಮುಂದೆ ಕೂತೆ. ರಾಜ ಇದ್ದ ಹಾಗೇ ಇದ್ದಾನೆ.

ಹೋದ ಭಾನುವಾರ ಪ್ರಾರ್ಥನಾ ಫೋನ್ ಮಾಡಿ ಆಯಿತಾ ಎಂದು ಕೇಳಿದಳು. ನಡೆದಿದೆ ಎನ್ನಲು ಬಾಯಿ ತೆರೆದೆ, ಆಗಲಿಲ್ಲ.

"ಇಲ್ಲವ್ವಾ. ನನಗ ನಿಮ್ಮವ್ವನ ಮಾರಿ ನೆನಪಾಗವಲ್ದು," ಎಂದೆ.

ಕಟ್ ಮಾಡಿದಳೇನೋ ಅಂದುಕೊಂಡೆ.

"ನನಗೂ, ಮಾಮಾ," ಎಂದಳು.